ಕಲ್ಲಿದ್ದಲಿನ ಊರು, ಕೈಬದಲಾದ ಹುಡುಗರು

ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದ ದಕ್ಷಿಣ ಅಂಚಿನಲ್ಲಿ, ಅಪಲೇಶಿಯನ್ ಬೆಟ್ಟಸಾಲುಗಳ ನಡುವೆ ಬ್ಲೂಫೀಲ್ಡ್ ಎಂಬ ಊರಿದೆ. ಸಮುದ್ರಮಟ್ಟದಿಂದ ಸುಮಾರು 2,600 ಅಡಿ ಎತ್ತರದ ಈ ಊರು ಹುಟ್ಟಿದ್ದೇ ಕಲ್ಲಿದ್ದಲಿನಿಂದ. 1880ರ ದಶಕದಲ್ಲಿ ಸಮೀಪದ ಪೋಕಹಾಂಟಸ್ ಗಣಿಗಳು ತೆರೆದವು. ನಾರ್‌ಫೋಕ್ ಅಂಡ್ ವೆಸ್ಟರ್ನ್ ರೈಲ್ವೆ ಕಂಪನಿ ತನ್ನ ದೊಡ್ಡ ಯಾರ್ಡನ್ನು ಇಲ್ಲಿ ಕಟ್ಟಿತು. 1889ರಲ್ಲಿ ಊರಿಗೆ ಪಟ್ಟಣದ ಸ್ಥಾನ ದೊರೆಯಿತು. ಬೇಸಗೆಯಲ್ಲಿಯೂ ತಂಪಾಗಿರುವ ತಮ್ಮ ಹವೆಯ ವಿಷಯದಲ್ಲಿ ಊರವರಿಗೆ ಎಂಥ ಅಭಿಮಾನವೆಂದರೆ, ಉಷ್ಣಮಾನ 90 ಡಿಗ್ರಿ ಫ್ಯಾರನ್‌ಹೀಟನ್ನು ದಾಟಿದ ದಿನ ಅಲ್ಲಿನ ವಾಣಿಜ್ಯ ಮಂಡಲಿಯವರು ಬಂದವರಿಗೆಲ್ಲ ನಿಂಬೆಹಣ್ಣಿನ ಪಾನಕವನ್ನು ಪುಕ್ಕಟೆಯಾಗಿ ಹಂಚುವ ಪದ್ಧತಿಯನ್ನಿಟ್ಟುಕೊಂಡರು. ಮಾತು ತಪ್ಪಿದ್ದಕ್ಕೆ ತೆತ್ತ ದಂಡ ಎನ್ನೋಣ. ಗಣಿತಜ್ಞ ಜಾನ್ ನ್ಯಾಷ್ ಅವರು 1928ರಲ್ಲಿ ಜನಿಸಿದ್ದು ಈ ಊರಿನಲ್ಲಿಯೇ. ಆದರೆ ನಾನು ಹೇಳಹೊರಟದ್ದು ಇಲ್ಲಿನ ಬೇಸ್‌ಬಾಲ್ ತಂಡದ ಕಥೆಯನ್ನು.

ಆಟದ ನಿಯಮಗಳು ನಮಗಿಲ್ಲಿ ಬೇಕಿಲ್ಲ. ಅದರ ವ್ಯವಸ್ಥೆ ತಿಳಿದರೆ ಸಾಕು. ಮೇಲೆ ಮಹಾನಗರಗಳ ಮೇಜರ್ ಲೀಗ್. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮೈನರ್ ಲೀಗ್‌ಗಳು. ಮೊದಲಿಗೆ ಸಣ್ಣ ಊರುಗಳ ತಂಡಗಳು ಸ್ವತಂತ್ರವಾಗಿದ್ದವು. ತಾವೇ ಆಟಗಾರರನ್ನು ಹುಡುಕಿ, ಪಳಗಿಸಿ, ದೊಡ್ಡ ತಂಡಗಳಿಗೆ ಮಾರಿ ಬದುಕುತ್ತಿದ್ದವು. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ವ್ಯವಸ್ಥಾಪಕ ಬ್ರಾಂಚ್ ರಿಕಿ, ಆಟಗಾರರನ್ನು ಕೊಳ್ಳುವುದಕ್ಕಿಂತ ಬೆಳೆಯುವುದೇ ಅಗ್ಗವೆಂದು ಕಂಡುಕೊಂಡು ಸಣ್ಣ ತಂಡಗಳನ್ನೇ ತನ್ನ ಹಿಡಿತಕ್ಕೆ ತೆಗೆದುಕೊಂಡ. ಇದಕ್ಕೆ ‘ಫಾರ್ಮ್’ ಪದ್ಧತಿಯೆಂದೇ ಹೆಸರಾಯಿತು. ಹೊಲ ಊರಿನದು, ಫಸಲು ನಗರದ್ದು. 1947ರಲ್ಲಿ ಜಾಕಿ ರಾಬಿನ್‌ಸನ್ ಎಂಬ ಕರಿಯ ಆಟಗಾರನನ್ನು ಬ್ರೂಕ್ಲಿನ್ ತಂಡದಲ್ಲಿ ಆಡಿಸಿ ವರ್ಣಭೇದದ ಗೋಡೆಯನ್ನು ಒಡೆದವನೂ ಇದೇ ರಿಕಿ. ಸುಧಾರಕನೂ ವ್ಯಾಪಾರಿಯೂ ಒಬ್ಬನೇ ಮನುಷ್ಯನಲ್ಲಿ ಜಗಳವಿಲ್ಲದೆ ಬಾಳಿದ್ದರು.

ಬ್ಲೂಫೀಲ್ಡಿನ ತಂಡ ‘ಬ್ಲೂ-ಗ್ರೇಸ್’ ಎಂಬ ಹೆಸರಿನಿಂದ 1937ರಲ್ಲಿ ಆಡತೊಡಗಿತು. 1939ರಲ್ಲಿ ಬೋವೆನ್ ಫೀಲ್ಡ್ ಎಂಬ ಮೈದಾನ ಸಿದ್ಧವಾಯಿತು. ಇಲ್ಲೊಂದು ವಿನೋದವಿದೆ. ಮೈದಾನದ ಒಡೆತನ ಪಶ್ಚಿಮ ವರ್ಜೀನಿಯಾದ ಪಟ್ಟಣದ್ದು. ಮೈದಾನವಿರುವುದು ಮಾತ್ರ ಗಡಿಯಾಚೆಯ ವರ್ಜೀನಿಯಾದಲ್ಲಿ. ಊರ ಜನ ತಮ್ಮ ತಂಡದ ಆಟ ನೋಡಬೇಕಾದರೆ ಪರರಾಜ್ಯಕ್ಕೆ ಹೋಗಬೇಕು! ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ತಂಡ ಅಪಲೇಶಿಯನ್ ಲೀಗನ್ನು ಸೇರಿತು.

ಅದು ಮೈನರ್ ಲೀಗ್‌ಗಳ ಸುಗ್ಗಿಯ ಕಾಲ. 1949ರಲ್ಲಿ ದೇಶಾದ್ಯಂತ 59 ಲೀಗ್‌ಗಳಿದ್ದು, ಪ್ರೇಕ್ಷಕರ ಸಂಖ್ಯೆ 4 ಕೋಟಿಯ ಆಸುಪಾಸಿಗೆ ಮುಟ್ಟಿತ್ತು. ಅನಂತರ ಮನೆಮನೆಗೆ ಟೆಲಿವಿಷನ್ ಬಂದಿತು. ಮಹಾನಗರದ ಆಟವೇ ಪಡಸಾಲೆಯಲ್ಲಿ ಕಾಣುವಾಗ ಊರ ಹುಡುಗರ ಆಟಕ್ಕೆ ಚೀಟಿ ಕೊಳ್ಳುವವರು ಯಾರು? ಒಂದರ ಹಿಂದೊಂದು ಲೀಗ್‌ಗಳು ಮುಚ್ಚಿದವು. ಅಪಲೇಶಿಯನ್ ಲೀಗ್ ಕೂಡ 1955ರ ಬಳಿಕ ನಿಂತು, 1957ರಲ್ಲಿ ಮತ್ತೆ ತಲೆಯೆತ್ತಿತು.

1958ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡ ಬ್ಲೂಫೀಲ್ಡಿನ ಕೈಹಿಡಿಯಿತು. ಆಟಗಾರರ ಸಂಬಳ, ತರಬೇತು ಬಾಲ್ಟಿಮೋರಿನವರ ಹೊಣೆ. ಮೈದಾನ, ದೀಪ, ಪ್ರೇಕ್ಷಕರು, ಅಕ್ಕರೆ ಊರಿನ ಹೊಣೆ. ಮೆಟ್ಟಿಲುಗಳಲ್ಲಿ ಅತಿ ಕೆಳಗಿನದು ಇದು. ಜೂನ್ ತಿಂಗಳಲ್ಲಿ ಹದಿನೇಳು ಹದಿನೆಂಟರ ಹುಡುಗರು ಬರುವರು, ಆಗಸ್ಟ್ ಮುಗಿಯುವಾಗ ಹೊರಟುಹೋಗುವರು. ಚೆನ್ನಾಗಿ ಆಡಿದವನು ಮುಂದಿನ ವರ್ಷ ಮೇಲಿನ ಮೆಟ್ಟಿಲಿಗೆ, ಆಡದವನು ಮನೆಗೆ. ಎರಡೂ ಪಕ್ಷದಲ್ಲಿ ಅವನು ಹಿಂದಿರುಗಿ ಬರುವುದು ವಿರಳ. ಆದ್ದರಿಂದ ಈ ತಂಡದಲ್ಲಿ ಸ್ಥಿರವಾಗಿದ್ದವರು ಆಟಗಾರರಲ್ಲ, ನೋಡುಗರು. ಮಗನನ್ನು ಬೆಳೆಸಿ ದೂರದೇಶಕ್ಕೆ ಕಳುಹಿಸಿಕೊಡುವ ತಾಯಿಯ ಪಾಡನ್ನು ಒಂದು ಊರು ಪ್ರತಿವರ್ಷವೂ ಪಟ್ಟಿತು.

1973ರಲ್ಲಿ ಎಡ್ಡಿ ಮರ್ರಿ ಎಂಬ ಹದಿನೇಳರ ಹುಡುಗ ಬಂದ. ಮುಂದೆ ಮೇಜರ್ ಲೀಗಿನಲ್ಲಿ 504 ಹೋಮ್ ರನ್ ಹೊಡೆದ. 1978ರಲ್ಲಿ ಬಂದ ಕ್ಯಾಲ್ ರಿಪ್‌ಕೆನ್ ಜೂನಿಯರನ ಕಥೆ ಇನ್ನೂ ಸ್ವಾರಸ್ಯದ್ದು. ಅವನ ತಂದೆ ಓರಿಯೋಲ್ಸ್ ಸಂಸ್ಥೆಯಲ್ಲಿಯೇ ತರಬೇತುದಾರ. ಹಾಗಿದ್ದೂ ಆ ಬೇಸಗೆಯಿಡೀ ಹುಡುಗ ಹೊಡೆದ ಹೋಮ್ ರನ್ ಒಂದೂ ಇಲ್ಲ. ಚೆಂಡು ಹಿಡಿದು ಎಸೆಯುವುದರಲ್ಲಿ ಮಾಡಿದ ತಪ್ಪುಗಳಂತೂ ಹೇರಳ. ಆ ವರ್ಷ ಅವನ ಆಟ ನೋಡಿದವರು ಇವನಿಂದ ಏನಾದೀತೆಂದುಕೊಂಡಿದ್ದರೆ ಅವರನ್ನು ದೂರಲಾಗದು. ಅದೇ ರಿಪ್‌ಕೆನ್ ಮುಂದೆ 431 ಹೋಮ್ ರನ್ ಹೊಡೆದ; ಒಂದು ದಿನವೂ ತಪ್ಪಿಸದೆ ಸತತವಾಗಿ 2,632 ಪಂದ್ಯಗಳನ್ನಾಡಿ, ಲೂ ಗೆರಿಗ್‌ನ 2,130ರ ದಾಖಲೆಯನ್ನು 1995ರಲ್ಲಿ ಹಿಂದಿಕ್ಕಿದ. ಇಬ್ಬರೂ ಬೇಸ್‌ಬಾಲಿನ ಕೀರ್ತಿಮಂದಿರವನ್ನು ಸೇರಿದರು, ಮರ್ರಿ 2003ರಲ್ಲಿ, ರಿಪ್‌ಕೆನ್ 2007ರಲ್ಲಿ.

ಇತ್ತ ಊರು ಸೊರಗುತ್ತಿತ್ತು. 1960ರ ವೇಳೆಗೆ ಹಬೆಯ ಎಂಜಿನ್ನುಗಳು ಹೋಗಿ ಡೀಸೆಲ್ ಎಂಜಿನ್ನುಗಳು ಬಂದವು; ಗಣಿಗಳಲ್ಲಿ ಯಂತ್ರಗಳು ಕೂಲಿಯವರ ಕೆಲಸವನ್ನು ಕಸಿದವು. 1950ರಲ್ಲಿ 21,000ಕ್ಕೂ ಮಿಕ್ಕಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ 10,000ಕ್ಕಿಂತ ಕೆಳಗಿಳಿಯಿತು. ತಂಡ ಮಾತ್ರ ನಿಂತಿತ್ತು. 53 ಋತುಗಳ ನಂಟನ್ನು ಓರಿಯೋಲ್ಸ್‌ನವರು 2010ರಲ್ಲಿ ಕಡಿದುಕೊಂಡಾಗ ಕೆನಡಾದ ಟೊರಾಂಟೊ ಬ್ಲೂ ಜೇಸ್ ತಂಡ ಆ ಸ್ಥಳಕ್ಕೆ ಬಂದಿತು. 2016ರಲ್ಲಿ ವ್ಲಾಡಿಮಿರ್ ಗೆರೆರೊ ಜೂನಿಯರ್, ಅವನೂ ಹದಿನೇಳರವನೇ, ಇಲ್ಲಿ ಆಡಿಹೋದ. 2025ರಲ್ಲಿ ಅವನು ಟೊರಾಂಟೊದೊಡನೆ ಮಾಡಿಕೊಂಡ ಒಪ್ಪಂದದ ಮೊತ್ತ 50 ಕೋಟಿ ಡಾಲರು. ಉತ್ತ ಹೊಲಕ್ಕೆ ಅದರಲ್ಲಿ ಪಾಲಿಲ್ಲ. ಪಾಲು ಕೇಳುವ ಪದ್ಧತಿಯೂ ಅಲ್ಲಿಲ್ಲ.

2019ರಲ್ಲಿ ಮೇಜರ್ ಲೀಗಿನವರು ನಲವತ್ತಕ್ಕೂ ಹೆಚ್ಚು ತಂಡಗಳನ್ನು ಕೈಬಿಡುವ ಯೋಜನೆಯನ್ನು ಹೊರತೆಗೆದರು. ಮೈದಾನಗಳು ಹಳೆಯವು, ಪ್ರಯಾಣ ದೀರ್ಘ, ಆಟಗಾರರ ಸಂಬಳ ಅತ್ಯಲ್ಪ ಎಂಬುದು ಅವರ ವಾದ. ವಾದದಲ್ಲಿ ಹುರುಳಿರಲಿಲ್ಲವೆನ್ನಲಾರೆ. ಆದರೆ ಸಂಬಳ ಕೊಡುತ್ತಿದ್ದವರು ತಾವೇ ಎಂಬುದನ್ನು ಅವರು ಮರೆತಂತಿತ್ತು. 2020ರಲ್ಲಿ ಸಾಂಕ್ರಾಮಿಕದಿಂದಾಗಿ ಆಟವೇ ನಡೆಯಲಿಲ್ಲ; ಬೀಳ್ಕೊಡುವ ಪಂದ್ಯವೊಂದು ಕೂಡ ಊರಿಗೆ ದಕ್ಕಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ 160 ತಂಡಗಳು 120ಕ್ಕಿಳಿದವು. ಅಪಲೇಶಿಯನ್ ಲೀಗ್ ಕಾಲೇಜು ವಿದ್ಯಾರ್ಥಿಗಳ ಬೇಸಗೆ ಲೀಗಾಯಿತು. 2021ರ ಜೂನ್ ತಿಂಗಳಲ್ಲಿ ಬೋವೆನ್ ಫೀಲ್ಡಿನ ದೀಪಗಳು ಮತ್ತೆ ಹೊತ್ತಿದಾಗ ಅಂಗಳಕ್ಕಿಳಿದದ್ದು ‘ರಿಡ್ಜ್ ರನ್ನರ್ಸ್’ ಎಂಬ ಹೊಸ ಹೆಸರಿನ, ಸಂಬಳವಿಲ್ಲದ ವಿದ್ಯಾರ್ಥಿಗಳ ತಂಡ. ನೋಡುವವರು ಎಂದಿನಂತೆ ರಾಜ್ಯದ ಗಡಿ ದಾಟಿ ಹೋದರು.