ನಿಷ್ಕ್ರಿಯತೆಯ ತತ್ತ್ವ: ವಿದ್ಯುನ್ಮಂಡಲದಿಂದ ಯಂತ್ರನಿಯಂತ್ರಣಕ್ಕೆ

ಯಂತ್ರವೊಂದರ ಒಳಗುಟ್ಟನ್ನು ಪೂರ್ಣವಾಗಿ ಅರಿಯದೆಯೇ, ಅದು ಅಂಕೆ ತಪ್ಪಿ ಓಲಾಡದೆಂದು ಮುಂಚಿತವಾಗಿ ಹೇಳಬಹುದೆ? ನಿಯಂತ್ರಣಶಾಸ್ತ್ರದ ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ನಿಷ್ಕ್ರಿಯತೆಯ ತತ್ತ್ವವೂ ಒಂದು. ಅದು ಬೆಳೆದುಬಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ನಿಷ್ಕ್ರಿಯವೆಂದೊಡನೆ ಜಡವೆಂಬ ಅರ್ಥ ಮನಸ್ಸಿಗೆ ಬರುವುದು ಸಹಜ. ಇಲ್ಲಿ ಆ ಅರ್ಥವಿಲ್ಲ. ಮೊದಲೇ ತನ್ನಲ್ಲಿದ್ದ ಶಕ್ತಿ, ಹೊರಗಿನಿಂದ ಪಡೆದ ಶಕ್ತಿ, ಇವೆರಡರ ಮೊತ್ತಕ್ಕಿಂತ ಹೆಚ್ಚನ್ನು ಹೊರಗೆ ಕೊಡಲಾರದ ವ್ಯವಸ್ಥೆಯೇ ನಿಷ್ಕ್ರಿಯ ವ್ಯವಸ್ಥೆ. ಜಮೆಯನ್ನು ಮೀರಿ ಖರ್ಚು ಬರೆಯಲಾಗದ ಲೆಕ್ಕದ ಪುಸ್ತಕಕ್ಕೆ ಅದನ್ನು ಹೋಲಿಸಬಹುದು.

ಈ ಭಾವನೆ ಗಣಿತರೂಪವನ್ನು ತಳೆದುದು ವಿದ್ಯುನ್ಮಂಡಲಗಳ ಅಧ್ಯಯನದಲ್ಲಿ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಒಟ್ಟೊ ಬ್ರೂನೆ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಗೆ ೧೯೩೧ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ, ರೋಧಕ, ಸುರುಳಿ, ಧಾರಕ, ಟ್ರಾನ್ಸ್‌ಫಾರ್ಮರುಗಳಿಂದ ಮಾತ್ರ ರಚಿಸಬಹುದಾದ ಮಂಡಲದ ಲಕ್ಷಣವನ್ನು ನಿರ್ಣಯಿಸಿದರು. ಎರಡು ತುದಿಗಳ ನಡುವೆ ಕಾಣುವ ಪ್ರತಿಬಾಧೆಯು ‘ಧನ-ವಾಸ್ತವ’ ಫಲನವಾಗಿರಬೇಕು, ಹಾಗಿದ್ದರೆ ಸಾಕು. ಪೆಟ್ಟಿಗೆಯನ್ನು ತೆರೆಯದೆ ಹೊರಗಿನಿಂದಲೇ ಅದರ ಸ್ವಭಾವವನ್ನು ಅಳೆಯುವ ಮಾರ್ಗ ಹೀಗೆ ದೊರೆಯಿತು.

ಆದರೆ ಅರೇಖೀಯ ವ್ಯವಸ್ಥೆಗಳಲ್ಲಿ ಊಹೆ ಎಷ್ಟು ಸುಲಭವಾಗಿ ದಾರಿ ತಪ್ಪಿಸುತ್ತದೆಂಬುದಕ್ಕೆ ಒಂದು ನಿದರ್ಶನವುಂಟು. ರೇಖೀಯ ವ್ಯವಸ್ಥೆಯೊಂದಕ್ಕೆ ಅರೇಖೀಯ ಘಟಕವನ್ನು ಜೋಡಿಸಿದಾಗ ಸ್ಥಿರತೆ ಉಳಿಯುವುದೆ ಎಂಬ ಸಮಸ್ಯೆಯನ್ನು ಸೋವಿಯತ್ ವಿದ್ವಾಂಸರಾದ ಲೂರ್ಯೆ, ಪೋಸ್ಟ್ನಿಕೋವ್ ಅವರು ೧೯೪೪ರಲ್ಲಿ ಎತ್ತಿದ್ದರು. ಎರಡು ಸರಳರೇಖೆಗಳ ನಡುವಣ ಪ್ರತಿಯೊಂದು ಸರಳರೇಖೆಗೂ ವ್ಯವಸ್ಥೆ ಸ್ಥಿರವಾಗಿದ್ದರೆ, ಅದೇ ಮೇರೆಯೊಳಗಿನ ವಕ್ರರೇಖೆಗೂ ಸ್ಥಿರವಾಗಿರುವುದೆಂದು ಐಜರ್‌ಮನ್ ೧೯೪೯ರಲ್ಲಿ ಊಹಿಸಿದರು. ಮೇಲ್ನೋಟಕ್ಕೆ ಒಪ್ಪುವಂತಿದ್ದ ಈ ಊಹೆ ಸುಳ್ಳೆಂದು ಕ್ರಾಸೊವ್‌ಸ್ಕಿ, ಪ್ಲಿಸ್ ಮೊದಲಾದವರು ಮುಂದಿನ ದಶಕದಲ್ಲಿ ಪ್ರತ್ಯುದಾಹರಣೆಗಳಿಂದ ತೋರಿಸಿದರು.

ಭದ್ರವಾದ ನೆಲೆಯೊದಗಿಸಿದವರಲ್ಲಿ ರುಮೇನಿಯದ ಪೊಪೊವ್ ಪ್ರಮುಖರು. ೧೯೬೧ರಲ್ಲಿ ಪ್ರಕಟವಾದ ಅವರ ನಿಬಂಧನೆಯು ರೇಖೀಯ ಭಾಗದ ಆವೃತ್ತಿ-ಪ್ರತಿಕ್ರಿಯೆಯಲ್ಲಿ ಧನತ್ವವನ್ನು ಅಪೇಕ್ಷಿಸಿತು. ಯಾಕುಬೊವಿಚ್ (೧೯೬೨), ಕಾಲ್ಮನ್ (೧೯೬೩) ಇವರು ಇಂತಹ ನಿಬಂಧನೆಗಳಿಗೂ, ೧೮೯೨ರಷ್ಟು ಹಿಂದೆಯೇ ಲ್ಯಾಪುನೋವ್ ನಿರೂಪಿಸಿದ್ದ ಸ್ಥಿರತಾವಿಧಾನಕ್ಕೂ ಇರುವ ಸಂಬಂಧವನ್ನು ಸ್ಪಷ್ಟಪಡಿಸಿದರು. ನಿಷ್ಕ್ರಿಯ ವ್ಯವಸ್ಥೆಗಳೆರಡನ್ನು ಋಣ ಫೀಡ್‌ಬ್ಯಾಕಿನಿಂದ ಜೋಡಿಸಿದಾಗ, ಯುಕ್ತ ನಿಬಂಧನೆಗಳಿಗೊಳಪಟ್ಟು, ಸ್ಥಿರತೆ ದೊರೆಯುವುದೆಂಬುದನ್ನು ಜೇಮ್ಸ್ ೧೯೬೬ರಲ್ಲಿ ವ್ಯಾಪಕವಾಗಿ ಪ್ರತಿಪಾದಿಸಿದರು. ವಿಲೆಮ್ಸ್ ೧೯೭೨ರಲ್ಲಿ ಸಂಗ್ರಹ ಫಲನದ ಮೂಲಕ ಇದನ್ನು ಇನ್ನಷ್ಟು ಸಾಮಾನ್ಯೀಕರಿಸಿದರು.

ಇದುವರೆಗೆ ಪರೀಕ್ಷೆಯ ಸಾಧನವಾಗಿದ್ದುದು ಅನಂತರ ರಚನೆಯ ಸಾಧನವಾಯಿತು. ಜಪಾನಿನ ತಾಕೆಗಾಕಿ, ಅರಿಮೊತೊ ಅವರು ೧೯೮೧ರಲ್ಲಿ ಯಂತ್ರಮಾನವನ ತೋಳಿಗೆ ಸೂಚಿಸಿದ ಕ್ರಮ ಸರಳವಾದುದು: ಗುರುತ್ವದ ಪ್ರಭಾವವನ್ನು ಸರಿದೂಗಿಸಿ, ಬೇಕಾದ ಭಂಗಿಯಲ್ಲಿ ವಿಭವಶಕ್ತಿ ಕನಿಷ್ಠವಾಗುವಂತೆ ಮಾಡಿ, ಚಲನೆಯನ್ನು ತಣಿಸುವುದು. ತೋಳಿನ ಇತರ ಅರೇಖೀಯತೆಗಳನ್ನು ಅಳಿಸಬೇಕಾದುದೇ ಇಲ್ಲ. ಈ ಪಂಥಕ್ಕೆ ‘ನಿಷ್ಕ್ರಿಯತಾಧಾರಿತ ನಿಯಂತ್ರಣ’ವೆಂಬ ಹೆಸರು ಒರ್ಟೇಗ, ಸ್ಪಾಂಗ್ ಅವರ ೧೯೮೯ರ ಲೇಖನದಿಂದ ರೂಢಿಗೆ ಬಂದಿತು.

ಈ ತತ್ತ್ವಕ್ಕೂ ಮಿತಿಯುಂಟು. ದೂರದ ಯಂತ್ರವನ್ನು ನಡೆಸುವಾಗ ಸಂದೇಶ ತಡವಾದರೆ, ಎರಡು ತುದಿಗಳೂ ನಿಷ್ಕ್ರಿಯವಾಗಿದ್ದಾಗಲೂ ನಡುವಣ ಸಂಪರ್ಕವೇ ಶಕ್ತಿಯನ್ನು ಉತ್ಪಾದಿಸಿದಂತೆ ವರ್ತಿಸಬಹುದು. ಆದುದರಿಂದ ಲೆಕ್ಕವನ್ನು ಯಂತ್ರಕ್ಕೆ ಮಾತ್ರವಲ್ಲ, ಜೋಡಣೆಗೂ ಇಡಬೇಕಾಗುತ್ತದೆ. ಹಾಗೆ ಇಟ್ಟಲ್ಲಿ, ಯಂತ್ರದ ವಿವರಗಳು ಪೂರ್ಣವಾಗಿ ತಿಳಿಯದಿದ್ದರೂ ಅದನ್ನು ನೆಚ್ಚಿ ನಡೆಸಬಹುದೆಂಬುದೇ ಈ ಇತಿಹಾಸದಿಂದ ನಾವು ಗ್ರಹಿಸುವ ಸಾರ.