ಪ್ರೀತಿಗೂ ಬೇಕು ಒಂದು ಕ್ರಮ



ಸೆಪ್ಟೆಂಬರ್ 27 ಸಂತ ವಿನ್ಸೆಂಟ್ ದೆ ಪಾಲರ ಹಬ್ಬ. ಬಡವರ ಬಂಧುವೆಂದು ನಾವೆಲ್ಲರೂ ಅವರನ್ನು ಸ್ಮರಿಸುತ್ತೇವೆ. ಆದರೆ ಅವರ ಸೇವಾಸಂಘದ ಇತಿಹಾಸ ಆರಂಭವಾದದ್ದು ಒಂದು ಗೊಂದಲದಿಂದ.

1617ರ ಆಗಸ್ಟ್ ತಿಂಗಳು. ವಿನ್ಸೆಂಟರು ಫ್ರಾನ್ಸಿನ ಶಾತಿಯೋಂ ಎಂಬ ಊರಿನ ಧರ್ಮಕೇಂದ್ರದ ಗುರುಗಳು. ಒಂದು ಭಾನುವಾರ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರೇ ಇಲ್ಲ ಎಂಬ ಸುದ್ದಿ ಬಂತು. ಪ್ರಬೋಧನೆಯಲ್ಲಿ ಅವರು ಅದನ್ನೇ ಹೇಳಿದರು. ಮಧ್ಯಾಹ್ನ ಆ ಮನೆಗೆ ಹೊರಟರೆ ದಾರಿಯುದ್ದಕ್ಕೂ ಜನ! ಕೆಲವರು ಆಹಾರ ಹೊತ್ತು ಹೋಗುತ್ತಿದ್ದರು, ಕೆಲವರು ಕೊಟ್ಟು ಬರುತ್ತಿದ್ದರು.

ವಿನ್ಸೆಂಟರಿಗೆ ಸಂತೋಷವಾಯಿತು, ಜೊತೆಗೆ ಚಿಂತೆಯೂ ಆಯಿತು. ಇಂದು ರಾಶಿ ಬಿದ್ದ ಆಹಾರ ನಾಳೆ ಹಳಸುತ್ತದೆ. ನಾಡಿದ್ದು ಅದೇ ಮನೆಯವರು ಮತ್ತೆ ಹಸಿದಿರುತ್ತಾರೆ. ಪ್ರೀತಿಗೆ ಕೊರತೆಯಿರಲಿಲ್ಲ, ಕ್ರಮವಿರಲಿಲ್ಲ. ಕೂಡಲೇ ಅವರು ಊರಿನ ಸ್ತ್ರೀಯರನ್ನು ಒಂದುಗೂಡಿಸಿ ಸಂಘ ಕಟ್ಟಿದರು. ಒಬ್ಬ ಮುಖ್ಯಸ್ಥೆ, ಹಣಕ್ಕೆ ಒಬ್ಬ ಖಜಾಂಚಿ, ಅಡುಗೆಗೆ ದಿನದ ಸರದಿ. ರೋಗಿಗೆ ಹೇಗೆ ಪ್ರೀತಿಯಿಂದ ಊಟ ಬಡಿಸಬೇಕೆಂಬುದನ್ನೂ ನಿಯಮಾವಳಿಯಲ್ಲಿ ಬರೆದಿಟ್ಟರು. ಅದರಲ್ಲಿ ಒಂದು ಮಾತು ನಮ್ಮ ಮನ ಕಲಕುತ್ತದೆ: ಜೊತೆಯಲ್ಲಿ ಯಾರಾದರೂ ಇರುವ ರೋಗಿಯಿಂದ ಸೇವೆ ಆರಂಭಿಸಿ, ಒಂಟಿಯಾದವರ ಬಳಿಗೆ ಕೊನೆಗೆ ಹೋಗಬೇಕು, ಆಗ ಅವರೊಡನೆ ಹೆಚ್ಚು ಹೊತ್ತು ಇರಬಹುದು.

ಇದು ಹೊಸದೇನಲ್ಲ. ಆದಿ ಧರ್ಮಸಭೆಯಲ್ಲಿಯೂ ದಿನನಿತ್ಯದ ಹಂಚಿಕೆಯಲ್ಲಿ ಕೆಲವು ವಿಧವೆಯರು ಕಡೆಗಣಿಸಲ್ಪಟ್ಟಾಗ, ಪ್ರೇಷಿತರು ಏಳು ಮಂದಿಯನ್ನು ಆ ಕಾರ್ಯಕ್ಕೆ ನೇಮಿಸಿದರು.

ಎರಡು ಶತಮಾನಗಳ ನಂತರ, 1833ರಲ್ಲಿ, ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಂ ಮತ್ತು ಅವರ ಗೆಳೆಯರು ಇದೇ ದಾರಿ ಹಿಡಿದರು. ಸಿಸ್ಟರ್ ರೊಸಾಲಿ ರೆಂಡು ಅವರಿಗೆ ಬಡವರ ಮನೆಬಾಗಿಲು ತೋರಿಸಿದರು. ವಾರಕ್ಕೊಂದು ಸಭೆ, ಪ್ರಾರ್ಥನೆ, ಮನೆಭೇಟಿಯ ವರದಿ, ಯಾರೆಷ್ಟು ಹಾಕಿದರೆಂದು ತಿಳಿಯದಂತೆ ಕಾಣಿಕೆ ಸಂಗ್ರಹ: ಇಷ್ಟೇ ಅವರ ಬಂಡವಾಳ. ಅದೇ ಇಂದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇರುವ ಸಂತ ವಿನ್ಸೆಂಟ್ ದೆ ಪಾಲ್ ಸಭೆ. ಓಜಾನಾಂರವರನ್ನು 1997ರಲ್ಲಿ, ರೊಸಾಲಿಯವರನ್ನು 2003ರಲ್ಲಿ ಧರ್ಮಸಭೆ ಧನ್ಯರ ಸಾಲಿಗೆ ಸೇರಿಸಿತು.

ಶಾತಿಯೋಂನ ಗೊಂದಲ ನಮ್ಮಲ್ಲಿಯೂ ಇದೆ. ಸಾವಾದ ಮನೆಗೆ ಮೂರು ದಿನ ಊರೇ ಊಟ ತರುತ್ತದೆ. ಏಳನೇ ದಿನದ ಪೂಜೆ ಮುಗಿಯಿತೆಂದರೆ ಆ ಮನೆಯ ಬಾಗಿಲು ತಟ್ಟುವವರಿಲ್ಲ. ಕ್ರಿಸ್ಮಸ್ಸಿಗೆ ಒಂದೇ ಮನೆಗೆ ಮೂರು ಚೀಲ ಅಕ್ಕಿ, ಬೀದಿಯ ಕೊನೆಯ ಅಜ್ಜಿಗೆ ಒಂದೂ ಇಲ್ಲ. ಪೀಠದಿಂದ ಪ್ರಕಟಣೆ ಓದಿ ನಮ್ಮ ಕೆಲಸ ಮುಗಿಯಿತೆಂದುಕೊಂಡ ಗುರುಗಳಾದ ನಮ್ಮದೂ ಇದರಲ್ಲಿ ತಪ್ಪಿದೆ.

ಈ ಹಬ್ಬದಂದು ಪ್ರತಿ ವಾರ್ಡಿನಲ್ಲಿ ಒಂದು ನೋಟುಪುಸ್ತಕ ತೆರೆಯೋಣ. ಯಾವ ಮನೆ, ಯಾವ ದಿನ, ಯಾರ ಸರದಿ ಎಂದು ಬರೆಯೋಣ. ಒಂಟಿಯಾದವರ ಮನೆಯನ್ನು ಕೊನೆಗಿಟ್ಟುಕೊಂಡು, ಅಲ್ಲಿ ಸ್ವಲ್ಪ ಹೊತ್ತು ಕುಳಿತು ಬರೋಣ. ಅಲ್ಲಿ ನಮಗಾಗಿ ಕಾದಿರುವವರು ಪ್ರಭು ಯೇಸುವೇ.