ಬಳಕೆದಾರ ಯಾರು? ಉಡುಪಿ ಸೀಮೆಯ ಬ್ಯಾಂಕುಗಳೂ ತಂತ್ರಾಂಶದ ಪರವಾನಗಿಯೂ

ದೊಡ್ಡ ಸಂಸ್ಥೆಗಳು ತಂತ್ರಾಂಶವನ್ನು ಕೊಂಡೆವು ಎನ್ನುವುದು ರೂಢಿಯ ಮಾತು. ವಾಸ್ತವದಲ್ಲಿ ಅವುಗಳ ಕೈಸೇರುವುದು ಅದನ್ನು ಬಳಸುವ ಅನುಮತಿ ಮಾತ್ರ. ಈ ಅನುಮತಿಗೆ ಪರವಾನಗಿ ಎಂದೂ, ಅದನ್ನು ನಿಗದಿತ ಅವಧಿಗೆ ಪಡೆದು ಮತ್ತೆ ಮತ್ತೆ ನವೀಕರಿಸಿಕೊಳ್ಳುವ ಏರ್ಪಾಡಿಗೆ ಚಂದಾ ಎಂದೂ ಹೆಸರು. ಶುಲ್ಕವನ್ನು ಬಹುಮಟ್ಟಿಗೆ ಬಳಕೆದಾರರ ತಲೆ ಎಣಿಸಿ ಕಟ್ಟುವುದರಿಂದ, ಸಂಸ್ಥೆಯು ಆ ತಂತ್ರಾಂಶದ ಮೇಲೆ ತನ್ನದೇ ಅಗತ್ಯಕ್ಕೆ ಪ್ರತ್ಯೇಕ ಅಪ್ಲಿಕೇಶನ್ ಒಂದನ್ನು ಕಟ್ಟಿಸಿಕೊಂಡ ಕ್ಷಣದಿಂದಲೇ ತೊಡಕು ಶುರುವಾಗುತ್ತದೆ: ಆ ಅಪ್ಲಿಕೇಶನ್ನಿನ ಮೂಲಕ ಒಳಗಿನ ಲೆಕ್ಕವನ್ನು ಮುಟ್ಟುವವರೆಲ್ಲ ಎಣಿಕೆಗೆ ಸೇರುತ್ತಾರೆಯೇ, ಅಥವಾ ನೇರವಾಗಿ ಒಳಹೊಕ್ಕವರು ಮಾತ್ರವೇ? ಕಂಪ್ಯೂಟರು ಬರುವುದಕ್ಕಿಂತ ಬಹಳ ಮೊದಲೇ, ಬೇರೊಂದು ರೂಪದಲ್ಲಿ ಈ ಪ್ರಶ್ನೆ ಉಡುಪಿ ಸೀಮೆಯ ಬ್ಯಾಂಕುಗಳಲ್ಲಿ ಹುಟ್ಟಿತ್ತು.

ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ ಹುಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಅವರು 8,000 ರೂಪಾಯಿ ಬಂಡವಾಳದಿಂದ ಅಲ್ಲೇ ಆರಂಭಿಸಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಕಾಲಾನಂತರ ಮಣಿಪಾಲದಲ್ಲಿ ಪ್ರಧಾನ ಕಚೇರಿ ಹೊಂದಿ ಸಿಂಡಿಕೇಟ್ ಬ್ಯಾಂಕ್ ಎನಿಸಿತು. ಈ ಎರಡನೆಯ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಇಲ್ಲಿನ ಚರ್ಚೆಗೆ ಮುಖ್ಯವಾದುದು. ದಿನಕ್ಕೆ ಎರಡಾಣೆ, ಅಂದರೆ ರೂಪಾಯಿಯ ಎಂಟನೆಯ ಒಂದು ಪಾಲು ಉಳಿಸಬಲ್ಲವರಿಗಾಗಿ ರೂಪುಗೊಂಡ ಈ ಯೋಜನೆಯಲ್ಲಿ ಠೇವಣಿದಾರನು ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಏಜೆಂಟನೇ ಅಂಗಡಿಗೂ ಮನೆಬಾಗಿಲಿಗೂ ಬಂದು ಹಣ ಪಡೆದು, ಪುಸ್ತಕದಲ್ಲಿ ಬರೆದುಕೊಟ್ಟು, ಒಟ್ಟು ಮೊತ್ತವನ್ನು ಶಾಖೆಗೆ ಕಟ್ಟುತ್ತಿದ್ದ. ಹೀಗೆ ಬ್ಯಾಂಕಿನ ಲೆಡ್ಜರಿಗೂ ನೂರಾರು ಸಣ್ಣ ಉಳಿತಾಯಗಾರರಿಗೂ ನಡುವೆ ನಿಂತವನು ಸಂಬಳದ ನೌಕರನೂ ಅಲ್ಲದ, ಪೂರ್ತಿ ಹೊರಗಿನವನೂ ಅಲ್ಲದ, ಕಮಿಷನ್ ಮೇಲೆ ದುಡಿಯುವ ಒಬ್ಬ ಮನುಷ್ಯ.

ಅವನು ಒಳಗಿನವನೋ ಹೊರಗಿನವನೋ ಎಂಬ ವಿವಾದ ಕೈಗಾರಿಕಾ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಮತ್ತು ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರ ನಡುವಣ ಆ ಮೊಕದ್ದಮೆಯಲ್ಲಿ 2001ರ ಫೆಬ್ರವರಿಯಲ್ಲಿ ಬಂದ ತೀರ್ಪು, ಠೇವಣಿ ಸಂಗ್ರಹಕಾರರನ್ನು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೆಂದು ಒಪ್ಪಿದರೂ ಕಾಯಂ ನೌಕರರ ಸಾಲಿಗೆ ಸೇರಿಸಲಿಲ್ಲ. ಕಾರ್ಮಿಕ ಕಾನೂನು ತಡವಾಗಿಯಾದರೂ ಇತ್ಯರ್ಥಪಡಿಸಿದ ಈ ಗಡಿಪ್ರಶ್ನೆಯನ್ನು ತಂತ್ರಾಂಶದ ಒಪ್ಪಂದಗಳು ಅದೇ ಕಾಲಕ್ಕೆ ಹೊಸದಾಗಿ ಎತ್ತಿದ್ದವು.

ಬ್ಯಾಂಕುಗಳಲ್ಲಿ ಯಂತ್ರಗಳ ಬಳಕೆಗೆ ಮೊದಲ ಮಿತಿ ಬಂದದ್ದು ತಂತ್ರಾಂಶ ಮಾರುವವರಿಂದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ನಡುವೆ 1983ರಲ್ಲಿ ಆದ ಒಪ್ಪಂದವು ಯಂತ್ರಗಳ ಬಳಕೆಯನ್ನು ಷರತ್ತುಗಳಿಗೆ ಒಳಪಡಿಸಿತ್ತು. ಬ್ಯಾಂಕುಗಳ ಯಾಂತ್ರೀಕರಣ ಕುರಿತ ರಂಗರಾಜನ್ ಸಮಿತಿಯ 1984ರ ವರದಿಯ ನಂತರ ಶಾಖೆಗಳಿಗೆ ಬಂದ ಎ.ಎಲ್.ಪಿ.ಎಂ., ಅಂದರೆ ಲೆಡ್ಜರಿನ ಜಮಾ ಖರ್ಚುಗಳನ್ನು ದಾಖಲಿಸುವ ಯಂತ್ರ, ಎದುರಿಗೆ ಕುಳಿತ ಗುಮಾಸ್ತನೊಬ್ಬನಿಗೆ ಮಾತ್ರ ಸಂಬಂಧಿಸಿದ್ದರಿಂದ ಎಣಿಕೆ ಸುಲಭವಾಗಿತ್ತು. 1990ರ ದಶಕದಲ್ಲಿ ಶಾಖೆ ಶಾಖೆಗೂ ಬೇರೆ ಸರ್ವರ್ ಇಟ್ಟ ವ್ಯವಸ್ಥೆ ಬಂದಾಗಲೂ ಶಾಖೆಯ ಗೋಡೆಯೇ ಲೆಕ್ಕದ ಗಡಿಯಾಗಿ ಉಳಿಯಿತು. ಎಲ್ಲ ಶಾಖೆಗಳ ಖಾತೆಗಳನ್ನೂ ಒಂದೇ ಕೇಂದ್ರದಲ್ಲಿ ನಡೆಸುವ ಕೋರ್ ಬ್ಯಾಂಕಿಂಗ್ ಆ ಗೋಡೆಯನ್ನು ಕೆಡವಿತು. ಸಿಂಡಿಕೇಟ್ ಬ್ಯಾಂಕು ಐ-ಫ್ಲೆಕ್ಸ್ ಕಂಪನಿಯ ಫ್ಲೆಕ್ಸ್‌ಕ್ಯೂಬ್ ತಂತ್ರಾಂಶವನ್ನೂ, ಕಾರ್ಪೊರೇಷನ್ ಬ್ಯಾಂಕು ಇನ್ಫೋಸಿಸ್‌ನ ಫಿನಾಕಲ್ ಅನ್ನೂ ನೆಚ್ಚಿಕೊಂಡವು. ಐ-ಫ್ಲೆಕ್ಸ್ ಮುಂದೆ ಒರಾಕಲ್‌ನ ವಶವಾಯಿತು.

ಇಂಥ ಸಿದ್ಧ ತಂತ್ರಾಂಶದಲ್ಲಿ ಇಲ್ಲದ ಸ್ಥಳೀಯ ಅಗತ್ಯಗಳಿಗೆ ಪ್ರತ್ಯೇಕವಾಗಿ ಕಟ್ಟಿಸಿದ ಅಪ್ಲಿಕೇಶನ್ನುಗಳು ಬೇಕಾದವು, ಅವುಗಳಲ್ಲಿ ಪಿಗ್ಮಿ ಮೆಷಿನ್ ಒಂದು ಒಳ್ಳೆಯ ನಿದರ್ಶನ. ಬ್ಯಾಂಕುಗಳೂ ಸಹಕಾರ ಸಂಘಗಳೂ ಬಳಕೆಗೆ ತಂದ ಈ ಕೈಯಂತ್ರಕ್ಕೆ ಬೆಳಿಗ್ಗೆ ಶಾಖೆಯಲ್ಲಿ ಖಾತೆಗಳ ಪಟ್ಟಿಯನ್ನು ತುಂಬಿಸಿಕೊಂಡು ಹೊರಟ ಏಜೆಂಟನು, ಎಲ್ಲೂರಿನ ಕಿರಾಣಿ ಅಂಗಡಿಯಿಂದಲೋ ಕಾಪುವಿನ ಮೀನು ಮಾರುವವರಿಂದಲೋ ಕಾರ್ಕಳದ ಹೋಟೆಲಿನಿಂದಲೋ ಹಣ ಪಡೆದು ಚೀಟಿ ಮುದ್ರಿಸಿ ಕೊಟ್ಟು, ದಿನದ ಸಂಗ್ರಹದ ವಿವರವನ್ನು ಮರಳಿ ಬ್ಯಾಂಕಿನ ಲೆಕ್ಕಕ್ಕೆ ಇಳಿಸುತ್ತಾನೆ. ಕೇಂದ್ರದ ತಂತ್ರಾಂಶಕ್ಕೆ ಕಾಣುವುದು ಒಂದೇ ಸಂಪರ್ಕ, ಬಹುಶಃ ಒಂದೇ ಬಳಕೆದಾರ ಹೆಸರು. ಅದರ ಹಿಂದೆ ಹತ್ತಾರು ಏಜೆಂಟರಿರಬಹುದು. ಹಲವರ ಕೆಲಸವನ್ನು ಒಂದೇ ದಾರಿಗೆ ಕೂಡಿಸಿ ಒಳಗೆ ಬಿಡುವ ಈ ವಿಧಾನಕ್ಕೆ ಪರವಾನಗಿ ಶಾಸ್ತ್ರದಲ್ಲಿ ಮಲ್ಟಿಪ್ಲೆಕ್ಸಿಂಗ್ ಎನ್ನುತ್ತಾರೆ. ಅದರಿಂದ ಬೇಕಾಗುವ ಪರವಾನಗಿಗಳ ಸಂಖ್ಯೆ ಕಡಿಮೆಯಾಗದು, ಎಣಿಕೆ ದಾರಿಯ ಆಚೆ ತುದಿಯಲ್ಲೇ ಆಗಬೇಕು ಎಂದು ಮೈಕ್ರೋಸಾಫ್ಟ್, ಒರಾಕಲ್ ಮುಂತಾದವರ ನಿಯಮಗಳು ಹೇಳುತ್ತವೆ. ಒಪ್ಪಂದದಲ್ಲಿ ಅಳತೆಗೋಲು ತಲೆಯೆಣಿಕೆಯ ಬದಲು ಪ್ರೊಸೆಸರ್ ಅಥವಾ ಖಾತೆಗಳ ಸಂಖ್ಯೆಯಾಗಿದ್ದರೆ ಇದೇ ಯಂತ್ರದಿಂದ ಯಾವ ತಕರಾರೂ ಏಳದಿರಬಹುದು. ಆದ್ದರಿಂದ ಅಪ್ಲಿಕೇಶನ್ ಕಟ್ಟುವವರು ಮೊದಲು ಓದಬೇಕಾದದ್ದು ತಾಂತ್ರಿಕ ಕೈಪಿಡಿಯನ್ನಲ್ಲ, ಅಳತೆಗೋಲಿನ ಕಲಮನ್ನು.

ಈ ಕಲಮನ್ನು ಓದದಿದ್ದರೆ ಏನಾಗುತ್ತದೆ ಎಂಬುದು ಲಂಡನ್ನಿನ ಹೈಕೋರ್ಟಿನ ಒಂದು ಪ್ರಕರಣದಿಂದ ಜಗತ್ತಿಗೆ ತಿಳಿಯಿತು. ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಒಡೆತನದಿಂದಾಗಿ ಕರ್ನಾಟಕದಲ್ಲಿಯೂ ಪರಿಚಿತವಾದ ಡಿಯಾಜಿಯೊ, ಎಸ್‌.ಎ.ಪಿ. ಕಂಪನಿಯ ವ್ಯವಹಾರ ತಂತ್ರಾಂಶವನ್ನು ಪಡೆದಿದ್ದು, ಅದರ ಮುಂದೆ ಸೇಲ್ಸ್‌ಫೋರ್ಸ್ ವೇದಿಕೆಯಲ್ಲಿ ಎರಡು ಅಪ್ಲಿಕೇಶನ್ನುಗಳನ್ನು ಕಟ್ಟಿಸಿಕೊಂಡಿತು: ಒಂದು ಮಾರಾಟ ಪ್ರತಿನಿಧಿಗಳಿಗೆ, ಇನ್ನೊಂದು ಗಿರಾಕಿಗಳು ತಾವೇ ಆರ್ಡರ್ ಹಾಕುವುದಕ್ಕೆ. ಮೊದಲು ಫೋನಿನಲ್ಲಿ ಆರ್ಡರ್ ಹೇಳುತ್ತಿದ್ದ ಗಿರಾಕಿ ಈಗ ಪರದೆಯ ಮೇಲೆ ಒತ್ತಿದನಷ್ಟೆ, ಆದರೆ ಅವನೂ ಎಸ್‌.ಎ.ಪಿ.ಯನ್ನು ಪರೋಕ್ಷವಾಗಿ ಬಳಸಿದಂತಾಯಿತು, ಆದ್ದರಿಂದ ಶುಲ್ಕ ಬಾಕಿಯಿದೆ ಎಂದು 2017ರ ಫೆಬ್ರವರಿಯಲ್ಲಿ ನ್ಯಾಯಾಲಯ ಹೇಳಿತು. ಎಸ್‌.ಎ.ಪಿ. ಕೇಳಿದ್ದ ಮೊತ್ತ 5 ಕೋಟಿ 40 ಲಕ್ಷ ಪೌಂಡಿಗೂ ಹೆಚ್ಚು. ಈ ತರ್ಕವನ್ನು ಕೊನೆತನಕ ಎಳೆದರೆ ಪಿಗ್ಮಿ ಏಜೆಂಟನಷ್ಟೇ ಅಲ್ಲ, ಎರಡಾಣೆ ಕೊಟ್ಟವನೂ ಬಳಕೆದಾರನಾಗುವ ಅಪಾಯವಿದೆ. ಗಿರಾಕಿಗಳ ಅಸಮಾಧಾನ ಬಲಿತ ಮೇಲೆ 2018ರಲ್ಲಿ ಎಸ್‌.ಎ.ಪಿ.ಯೇ ತಲೆಯೆಣಿಕೆಯ ಬದಲು, ಹೊರಗಿನ ಅಪ್ಲಿಕೇಶನ್ನಿನಿಂದ ಸೃಷ್ಟಿಯಾಗುವ ಆರ್ಡರ್, ಇನ್‌ವಾಯ್ಸ್ ಮುಂತಾದ ದಾಖಲೆಗಳನ್ನು ಎಣಿಸುವ ಪದ್ಧತಿಯನ್ನು ಮುಂದಿಟ್ಟಿತು.

ಭಾರತದ ಕಾನೂನು ಈ ವಿಷಯಕ್ಕೆ ಓರೆಯಾಗಿ ಮಾತ್ರ ತಾಗುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ವರ್ಗಕ್ಕೆ ಸೇರಿಸಿತು. 1994ರ ತಿದ್ದುಪಡಿಯು ಅನಧಿಕೃತ ಪ್ರತಿಯೆಂದು ತಿಳಿದೂ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗಿನ ಸೆರೆವಾಸವನ್ನು ಗೊತ್ತುಮಾಡಿತು. ಆ ಕಲಮಿನ ಕಣ್ಣಿರುವುದು ಕಳ್ಳಪ್ರತಿಯ ಮೇಲೆ. ಸ್ವಂತ ಅಪ್ಲಿಕೇಶನ್ ಕಟ್ಟಿದವರು ಪ್ರತಿ ಮಾಡಿರುವುದಿಲ್ಲ, ಬಾಗಿಲೊಂದನ್ನು ತೆರೆದಿರುತ್ತಾರೆ. 1999ರಲ್ಲಿ ಸೇರಿದ ಇನ್ನೊಂದು ಉಪಕಲಮು, ಬೇರೆಯಾಗಿ ರಚಿಸಿದ ಪ್ರೋಗ್ರಾಮೊಂದು ಜೊತೆಗೂಡಿ ಕೆಲಸ ಮಾಡಲು ಅಗತ್ಯವಾದ, ಬೇರೆಡೆ ಸುಲಭಕ್ಕೆ ಸಿಗದ ಮಾಹಿತಿಯನ್ನು ಪಡೆಯಲು ನ್ಯಾಯಬದ್ಧ ಬಳಕೆದಾರನಿಗೆ ಅವಕಾಶ ಕೊಟ್ಟಿತಾದರೂ, ಜೋಡಿಸಿದ ದಾರಿಯಲ್ಲಿ ಎಷ್ಟು ಜನ ನಡೆಯಬಹುದು ಎಂಬುದನ್ನು ಒಪ್ಪಂದಕ್ಕೇ ಬಿಟ್ಟಿತು. ಒಪ್ಪಂದದ ಸ್ವರೂಪವೇ ದೀರ್ಘಕಾಲ ವಿವಾದದಲ್ಲಿತ್ತು: ವಿದೇಶಿ ತಂತ್ರಾಂಶಕ್ಕೆ ಕೊಡುವ ಹಣ ಹಕ್ಕುಸ್ವಾಮ್ಯದ ರಾಯಧನವೆಂದು ಕರ್ನಾಟಕ ಹೈಕೋರ್ಟು 2011ರಲ್ಲಿ ಸ್ಯಾಮ್ಸಂಗ್ ಪ್ರಕರಣದಲ್ಲಿ ಹೇಳಿದ್ದನ್ನು, ಸಾಮಾನ್ಯ ಬಳಕೆಯ ಪರವಾನಗಿಯಿಂದ ಹಕ್ಕುಸ್ವಾಮ್ಯದ ಯಾವ ಅಂಶವೂ ಬಳಕೆದಾರನಿಗೆ ಸೇರದು ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟು 2021ರ ಮಾರ್ಚ್ 2ರಂದು ತಳ್ಳಿಹಾಕಿತು. ತೆರಿಗೆಯ ದೃಷ್ಟಿಯಿಂದ ಇದು ಕೊಳ್ಳುವವರಿಗೆ ನಿರಾಳ ತಂದರೂ, ಅವರ ಕೈಯಲ್ಲಿರುವುದು ಒಪ್ಪಂದದ ಪದಗಳಷ್ಟೇ ಎಂಬುದನ್ನೂ ಖಚಿತಪಡಿಸಿತು.

ಚಂದಾ ಪದ್ಧತಿ ಬಂದ ಮೇಲೆ ಆ ಪದಗಳು ಇನ್ನಷ್ಟು ಬಿಗಿಯಾದವು. ಸೇಲ್ಸ್‌ಫೋರ್ಸ್‌ನಂಥ ವೇದಿಕೆಗಳು ಸ್ವಂತ ಅಪ್ಲಿಕೇಶನ್ ಬಳಸುವವರಿಗಷ್ಟೇ ಅಗ್ಗದ ಚಂದಾ ಕೊಡುವಾಗ, ಮಾರಾಟ ವ್ಯವಹಾರಕ್ಕೆ ಮೀಸಲಾದ ಸಿದ್ಧ ಕೋಷ್ಟಕಗಳನ್ನು ಅವರಿಗೆ ತೆರೆಯುವುದಿಲ್ಲ, ಅವುಗಳ ತದ್ರೂಪವನ್ನು ಬೇರೆ ಹೆಸರಿನಲ್ಲಿ ಕಟ್ಟಿಕೊಳ್ಳಲೂ ಬಿಡುವುದಿಲ್ಲ. 1996ರಿಂದ ಉಡುಪಿಯಲ್ಲಿ ನೆಲೆನಿಂತು ಪರದೇಶದ ಕಂಪನಿಗಳಿಗೂ ಅಪ್ಲಿಕೇಶನ್ ಕಟ್ಟಿಕೊಟ್ಟ ರೋಬೋಸಾಫ್ಟ್‌ನಂಥ ಸಂಸ್ಥೆಗಳ ಉದ್ಯಮದಲ್ಲಿ ಕಟ್ಟುವವನೊಬ್ಬ, ಚಂದಾ ತೆರುವವನು ಇನ್ನೊಬ್ಬ. ಮಿತಿ ಮೀರಿದ್ದಕ್ಕೆ ಉತ್ತರಿಸಬೇಕಾದವನು ಸಾಮಾನ್ಯವಾಗಿ ಎರಡನೆಯವನು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ವಿಲೀನವನ್ನು 2019ರ ಆಗಸ್ಟಿನಲ್ಲಿ ಪ್ರಕಟಿಸಿದಾಗ ಕೇಂದ್ರ ಸರ್ಕಾರ ಕೊಟ್ಟ ಕಾರಣಗಳಲ್ಲಿ ಜೋಡಿಗಳ ಕೋರ್ ಬ್ಯಾಂಕಿಂಗ್ ತಂತ್ರಾಂಶ ಒಂದೇ ಎಂಬುದೂ ಇತ್ತು. ಆದರೆ ತಂತ್ರಾಂಶ ಒಂದೇ ಆದ ಮಾತ್ರಕ್ಕೆ ಪರವಾನಗಿ ಒಂದೇ ಆಗುವುದಿಲ್ಲ. ಇಂಥ ಒಪ್ಪಂದಗಳು ಸಾಮಾನ್ಯವಾಗಿ ಪಡೆದ ಸಂಸ್ಥೆಯ ಹೆಸರಿಗೇ ಕಟ್ಟುಬಿದ್ದಿರುವುದರಿಂದ, ಉಡುಪಿಯಲ್ಲಿ ಹುಟ್ಟಿದ ಎರಡು ಹೆಸರುಗಳು ಫಲಕಗಳಿಂದ ಇಳಿದ ಮೇಲೂ, ಆ ಬ್ಯಾಂಕುಗಳ ತಂತ್ರಾಂಶದ ಮೇಲೆ ಕಟ್ಟಿದ ಪ್ರತಿಯೊಂದು ಅಪ್ಲಿಕೇಶನ್ ಯಾವ ಬಾಗಿಲಿನಿಂದ ಯಾರನ್ನು ಒಳಗೆ ಬಿಡುತ್ತದೆ ಎಂಬುದನ್ನು ಹೊಸ ಹೆಸರಿನಲ್ಲಿ ಮತ್ತೊಮ್ಮೆ ಎಣಿಸಬೇಕಾಗುತ್ತದೆ.